ಸ್ನಾನಿಕ ಅರುಳಪ್ಪನವರ ಹಬ್ಬದ ಬೆಂಕಿ

ಪ್ರತಿ ವರ್ಷ ಜೂನ್ 23ರ ಇರುಳು, ಸ್ನಾನಿಕ ಸಂತ ಅರುಳಪ್ಪನವರ ಜನನೋತ್ಸವದ ಮುನ್ನಾದಿನ, ಯೂರೋಪಿನ ಅನೇಕ ಬೆಟ್ಟಗಳ ಮೇಲೂ ಊರ ಬಯಲುಗಳಲ್ಲೂ ದೊಡ್ಡ ಬೆಂಕಿಗಳು ಉರಿಯುತ್ತವೆ. ಇದು ಸಾವಿರಾರು ವರ್ಷಗಳಿಂದ ಎಡೆಬಿಡದೆ ಬಂದ ಸೂರ್ಯಾರಾಧನೆ ಎಂದು ಕೆಲವರು ಹೇಳುತ್ತಾರೆ. ಕೇವಲ ಕ್ರೈಸ್ತ ಆಚರಣೆ ಎಂದು ಮತ್ತೆ ಕೆಲವರು. ಇತಿಹಾಸವು ಈ ಎರಡು ಮಾತುಗಳಲ್ಲಿ ಯಾವುದನ್ನೂ ಪೂರ್ಣವಾಗಿ ಒಪ್ಪುವುದಿಲ್ಲ.

ಮೊದಲು ದಿನಾಂಕವನ್ನು ನೋಡೋಣ. ವರ್ಷದ ಅತಿ ದೀರ್ಘವಾದ ಹಗಲನ್ನು ರೋಮನರ ಪಂಚಾಂಗವು ಜೂನ್ 24ಕ್ಕೂ ಅತಿ ಹ್ರಸ್ವವಾದ ಹಗಲನ್ನು ಡಿಸೆಂಬರ್ 25ಕ್ಕೂ ಗುರುತಿಸಿತ್ತು. ದೇವದೂತನು ಮರಿಯಮ್ಮನವರಿಗೆ ಶುಭವಾರ್ತೆ ತಂದಾಗ ಎಲಿಜಬೇತಮ್ಮನವರಿಗೆ ಆರನೆಯ ತಿಂಗಳೆಂದು ಸಂತ ಲೂಕರು ಬರೆದಿದ್ದಾರೆ. ಆ ಲೆಕ್ಕದಂತೆ ಅರುಳಪ್ಪನವರ ಜನನವು ಕ್ರಿಸ್ತಜಯಂತಿಗಿಂತ ಆರು ತಿಂಗಳು ಮುಂಚೆ ಬರುತ್ತದೆ. ಆತನು ಬೆಳೆಯಬೇಕು, ತಾನು ಕುಗ್ಗಬೇಕು ಎಂದ ಪ್ರವಾದಿಯ ಹಬ್ಬದಿಂದ ಹಗಲು ಕುಗ್ಗತೊಡಗುತ್ತದೆ, ಕ್ರಿಸ್ತಜಯಂತಿಯಿಂದ ಬೆಳೆಯತೊಡಗುತ್ತದೆ ಎಂಬ ಸೊಗಸಾದ ಸಾಮ್ಯವನ್ನು ಸಂತ ಅಗಸ್ಟೀನರು ತಮ್ಮ ಪ್ರಬೋಧನೆಗಳಲ್ಲಿ ಎತ್ತಿ ತೋರಿಸಿದರು.

ಬೆಂಕಿಯ ಸ್ಪಷ್ಟವಾದ ವರ್ಣನೆ ದೊರೆಯುವುದು 12ನೆಯ ಶತಮಾನದಲ್ಲಿ. ದೈವಾರಾಧನಾ ವಿಧಿಗಳನ್ನು ವಿವರಿಸಿದ ಪಂಡಿತ ಬೆಲೆತ್ ಮೂರು ಆಚಾರಗಳನ್ನು ಹೆಸರಿಸುತ್ತಾನೆ: ಎಲುಬುಗಳನ್ನು ಸುಡುವುದು, ಕೊಳ್ಳಿಗಳನ್ನು ಹೊತ್ತು ತಿರುಗುವುದು, ಚಕ್ರವನ್ನು ಉರುಳಿಸುವುದು. ಎಲುಬಿನ ಹೊಗೆ ವಿಷಸರ್ಪಗಳನ್ನು ಓಡಿಸುತ್ತದೆ ಎಂಬುದು ಜನರ ನಂಬಿಕೆ. ಸೆಬಸ್ತೆಯಲ್ಲಿ ಅರುಳಪ್ಪನವರ ಅಸ್ಥಿಗಳನ್ನು ಸುಟ್ಟದ್ದರ ಸ್ಮರಣೆ ಎಂಬುದು ಇನ್ನೊಂದು ವಿವರಣೆ. ಶಿಖರಕ್ಕೇರಿ ಇಳಿಯತೊಡಗುವ ಸೂರ್ಯನಿಗೆ ಚಕ್ರವು ಸಂಕೇತ. ಋತುವಿನ ಆಚಾರವೂ ಸಂತರ ಸ್ಮರಣೆಯೂ ಆ ಕಾಲಕ್ಕಾಗಲೇ ಒಂದೇ ಒಲೆಯಲ್ಲಿ ಬೆಂದುಹೋಗಿದ್ದವು.

ಧರ್ಮಸಭೆ ಈ ಬೆಂಕಿಯನ್ನು ಆರಿಸಲಿಲ್ಲ, ತಿದ್ದಿತು. ಫ್ರಾನ್ಸಿನ ಮೋ ನಗರದ ಧರ್ಮಾಧ್ಯಕ್ಷ ಬೊಸ್ಸುವೆ ಅವರು 1687ರ ತಮ್ಮ ಧರ್ಮೋಪದೇಶ ಗ್ರಂಥದಲ್ಲಿ, ಬೆಂಕಿಯ ಸುತ್ತಲಿನ ಮೂಢನಂಬಿಕೆಗಳನ್ನು ತೊಲಗಿಸಲೆಂದೇ ಧರ್ಮಸಭೆ ಅದರಲ್ಲಿ ಪಾಲ್ಗೊಳ್ಳುತ್ತದೆ ಎಂದು ಸಮರ್ಥಿಸಿದರು. ರೋಮನ್ ವಿಧಿಗ್ರಂಥದಲ್ಲಿ ಆ ರಾತ್ರಿಯ ಬೆಂಕಿಗೆಂದೇ ಒಂದು ಆಶೀರ್ವಾದ ವಿಧಿಯೂ ಸೇರಿತು. ಇದೇ ಹಬ್ಬ ನಮ್ಮ ನೆರೆಯ ಗೋವೆಗೆ ಬಂದಾಗ ಮುಂಗಾರಿನ ಕಾಲವಾದ್ದರಿಂದ ನೀರಿನ ಹಬ್ಬವಾಯಿತು. ಅಲ್ಲಿನ ಯುವಕರು ಎಲೆ ಹೂಗಳ ಕಿರೀಟ ಧರಿಸಿ ಬಾವಿಗೆ ಧುಮುಕುತ್ತಾರೆ. ಹಬ್ಬವು ತಾನು ನೆಲೆಸಿದ ನೆಲದ ಋತುವನ್ನು ಉಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಧರ್ಮಸುಧಾರಣೆಯ ತರುವಾಯ ಇಂಗ್ಲೆಂಡಿನ ಬಹುಭಾಗದಲ್ಲಿ ಈ ಬೆಂಕಿಗಳು ನಂದಿದವು. ನೈರುತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ 19ನೆಯ ಶತಮಾನದವರೆಗೆ ಉಳಿದು ಆಮೇಲೆ ಕ್ಷೀಣಿಸಿದವು. ಅಲ್ಲಿನ ಪ್ರಾಚೀನ ಸಂಸ್ಕೃತಿಯ ಸಂಘಗಳು 1929ರಲ್ಲಿ ಅವನ್ನು ಮತ್ತೆ ಹೊತ್ತಿಸಿದವು; ಜನರ ನಾಲಗೆಯಿಂದ ಮರೆಯಾಗಿದ್ದ ಕಾರ್ನಿಷ್ ಭಾಷೆಯಲ್ಲೇ ಪ್ರಾರ್ಥನೆ ಹೇಳಿಸಿದವು.

ಪಿರೆನೀಸ್ ಪರ್ವತಗಳ ಕಥೆ ಇನ್ನೂ ಹೃದಯಸ್ಪರ್ಶಿಯಾದುದು. 1659ರ ಒಪ್ಪಂದವು ಕತಲನ್ ಭಾಷಿಕರ ನಾಡನ್ನು ಫ್ರಾನ್ಸ್ ಮತ್ತು ಸ್ಪೇನ್‌ಗಳ ನಡುವೆ ಹಂಚಿತು. ಗುರುವೂ ಕವಿಯೂ ಆಗಿದ್ದ ಜಸಿಂತ್ ವೆರ್ದಗೆರ್ 1886ರಲ್ಲಿ ‘ಕನಿಗೊ’ ಎಂಬ ಕಾವ್ಯದ ಮೂಲಕ ಅಲ್ಲಿನ ಪರ್ವತವೊಂದನ್ನು ಆ ಜನರ ಹೆಮ್ಮೆಯಾಗಿಸಿದರು. ಆ ಕಾವ್ಯದ ಸ್ಫೂರ್ತಿಯಿಂದ 1955ರಲ್ಲಿ ಫ್ರಾನ್ಸೆಸ್ಕ್ ಪುಜಾದೆಸ್ ಎಂಬವರು ಕನಿಗೊ ಶಿಖರದಲ್ಲಿ ಹಬ್ಬದ ಬೆಂಕಿ ಹೊತ್ತಿಸಿ, ಅಲ್ಲಿಂದ ಊರೂರಿಗೆ ಕೊಂಡೊಯ್ಯುವ ಪದ್ಧತಿಗೆ ನಾಂದಿ ಹಾಡಿದರು. 1966ರಲ್ಲಿ ಆ ಜ್ವಾಲೆ ಗಡಿ ದಾಟಿತು. ಫ್ರಾಂಕೋ ಆಡಳಿತದಲ್ಲಿ ಶಾಲೆ, ಕಚೇರಿಗಳಿಂದ ಕತಲನ್ ಭಾಷೆಯನ್ನು ದೂರವಿಟ್ಟಿದ್ದ ಕಾಲವದು. ಬಾಯಿಬಿಟ್ಟು ಹೇಳಲಾಗದ ಮಾತನ್ನು ಒಂದು ಪಂಜು ಹೇಳಿತು. ಈಗ ಪೆರ್ಪಿನ್ಯಾನ್ ನಗರದ ಹಳೆಯ ಕೋಟೆಬಾಗಿಲಲ್ಲಿ ವರ್ಷವಿಡೀ ಕಾಯ್ದಿಟ್ಟ ಜ್ವಾಲೆಯನ್ನು ಜೂನ್ 22ರಂದು ಶಿಖರಕ್ಕೆ ಒಯ್ದು, ಮರುದಿನ ಎಲ್ಲೆಡೆಗೆ ಹಂಚುತ್ತಾರೆ. ಪಿರೆನೀಸಿನ ಈ ಅಗ್ನಿ ಉತ್ಸವಗಳನ್ನು 2015ರಲ್ಲಿ ಯುನೆಸ್ಕೋ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಾಗಾದರೆ ಪುನರುಜ್ಜೀವಿಸಿದ ಆಚರಣೆ ಕೃತಕವೇ? ಶಿಖರದಿಂದ ಜ್ವಾಲೆ ಹಂಚುವ ಕ್ರಮ ಹೊಸದು. ಹಬ್ಬದ ಇರುಳು ಬೆಂಕಿ ಹಾಕುವ ರೂಢಿ ಹಳೆಯದು. ಹೊಸದನ್ನು ಹಳೆಯದೆಂದು ಸಾರಿದರೆ ಅದು ಅಸತ್ಯ. ಆದರೆ ಹೊಸದೆಂಬ ಕಾರಣಕ್ಕೇ ಅದನ್ನು ಹೀಗಳೆಯುವುದೂ ನ್ಯಾಯವಲ್ಲ. ಪರಂಪರೆ ತಾನಾಗಿ ಉರಿಯುವ ವಸ್ತುವಲ್ಲ. ಪ್ರತಿ ತಲೆಮಾರಿನಲ್ಲೂ ಯಾರೋ ಸೌದೆ ಹೊರಬೇಕು, ಯಾರೋ ರಾತ್ರಿಯೆಲ್ಲ ಎಚ್ಚರವಿದ್ದು ಕಾಯಬೇಕು; ಕಾಯುವವರಿಲ್ಲದೆಡೆ ಸಾವಿರ ವರ್ಷದ ಬೆಂಕಿಯೂ ಒಂದೇ ಇರುಳಿನಲ್ಲಿ ಬೂದಿಯಾಗುತ್ತದೆ.