ಗೆದ್ದವರೇ ತೀರ್ಪು ಕೊಟ್ಟರೆ?

ಚುನಾವಣೆ ನ್ಯಾಯವಾಗಿ ನಡೆಯಲಿಲ್ಲ ಎಂದು ಸೋತ ಅಭ್ಯರ್ಥಿ ದೂರಿದರೆ ಅದನ್ನು ಯಾರು ವಿಚಾರಿಸಬೇಕು? ಕೋರ್ಟು ಎಂಬ ಉತ್ತರ ಇಂದು ಥಟ್ಟನೆ ಬರುತ್ತದೆ. ಆದರೆ ಈ ಉತ್ತರ ಕಂಡುಕೊಳ್ಳಲು ಇಂಗ್ಲೆಂಡಿಗೇ ಶತಮಾನಗಳು ಹಿಡಿದವು.

ಅಲ್ಲಿ ಬಹುಕಾಲ ಇಂತಹ ತಕರಾರುಗಳನ್ನು ಹೌಸ್ ಆಫ್ ಕಾಮನ್ಸ್ ತಾನೇ ತೀರ್ಮಾನಿಸುತ್ತಿತ್ತು. ಸದನದಲ್ಲಿ ಬಹುಮತ ಯಾರದೋ ತೀರ್ಪೂ ಹೆಚ್ಚಾಗಿ ಅವರ ಕಡೆಗೇ ವಾಲುತ್ತಿತ್ತು. 1770ರಲ್ಲಿ ಗ್ರೆನ್‌ವಿಲ್ ಕಾಯಿದೆ ಬಂದು, ಚೀಟಿ ಎತ್ತಿ ಆರಿಸಿದ ಸದಸ್ಯರ ಸಮಿತಿಗೆ ವಿಚಾರಣೆಯನ್ನು ವಹಿಸಲಾಯಿತು. ಪಕ್ಷಪಾತ ಪೂರ್ತಿ ಅಳಿಯಲಿಲ್ಲ. ಕೊನೆಗೆ 1868ರಲ್ಲಿ ಈ ಕೆಲಸ ನ್ಯಾಯಾಧೀಶರ ಪಾಲಿಗೆ ಬಂತು. ರಾಜಕೀಯದ ಕೆಸರು ತಮಗೂ ಅಂಟೀತೆಂದು ಆಗ ನ್ಯಾಯಾಧೀಶರೇ ಪ್ರತಿಭಟಿಸಿದ್ದರು!

ಸ್ವತಂತ್ರ ಭಾರತ ಈ ಅನುಭವದಿಂದ ಪಾಠ ಕಲಿಯಿತು. ಸಂವಿಧಾನದ 329ನೇ ವಿಧಿಯ ಪ್ರಕಾರ ಸಂಸತ್ತು ಅಥವಾ ವಿಧಾನ ಮಂಡಲದ ಚುನಾವಣೆಯನ್ನು ಪ್ರಶ್ನಿಸಲು ಚುನಾವಣಾ ಅರ್ಜಿಯೊಂದೇ ದಾರಿ. ನಾಮಪತ್ರ ತಿರಸ್ಕೃತವಾದವರೂ ಚುನಾವಣೆ ಮುಗಿಯುವವರೆಗೆ ಕಾಯಬೇಕೆಂದು ಸುಪ್ರೀಂ ಕೋರ್ಟು 1952ರ ಪೊನ್ನುಸ್ವಾಮಿ ಪ್ರಕರಣದಲ್ಲಿ ಹೇಳಿತು. ಫಲಿತಾಂಶ ಬಂದ 45 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಮೊದಲು ವಿಶೇಷ ನ್ಯಾಯಮಂಡಳಿಗಳು ಇವನ್ನು ವಿಚಾರಿಸುತ್ತಿದ್ದವು. 1966ರ ತಿದ್ದುಪಡಿಯ ನಂತರ ಹೊಣೆ ಹೈಕೋರ್ಟುಗಳದು.

ಮತ ಎಣಿಕೆಯಲ್ಲಿ ತಪ್ಪಾಗಿದ್ದರೆ, ಅದರಿಂದ ಫಲಿತಾಂಶವೇ ಬದಲಾಯಿತೆಂದು ಅರ್ಜಿದಾರ ತೋರಿಸಬೇಕು. ಗೆದ್ದವರೇ ಚುನಾವಣಾ ಭ್ರಷ್ಟಾಚಾರ ಎಸಗಿದ್ದು ರುಜುವಾತಾದರೆ ಮಾತ್ರ ಅಂತರ ಎಷ್ಟಿದ್ದರೂ ಆಯ್ಕೆ ಅಸಿಂಧು. 1971ರಲ್ಲಿ ರಾಯ್‌ಬರೇಲಿಯಲ್ಲಿ ಇಂದಿರಾ ಗಾಂಧಿ ರಾಜ್ ನಾರಾಯಣ್ ಅವರನ್ನು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದ್ದರು. ಆದರೂ ಸರ್ಕಾರಿ ನೌಕರರ ನೆರವು ಪಡೆದರೆಂಬ ಕಾರಣಕ್ಕೆ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ 1975ರ ಜೂನ್ 12ರಂದು ಆ ಆಯ್ಕೆಯನ್ನು ರದ್ದುಪಡಿಸಿದರು.

ಹದಿಮೂರೇ ದಿನಗಳಲ್ಲಿ ತುರ್ತು ಪರಿಸ್ಥಿತಿ ಬಂತು. ಆಗಸ್ಟಿನಲ್ಲಿ ಸಂಸತ್ತು ಚುನಾವಣಾ ಕಾನೂನನ್ನು ಪೂರ್ವಾನ್ವಯವಾಗಿ ತಿದ್ದಿತು. ಸಾಲದೆಂದು, ಸಂವಿಧಾನದ 39ನೇ ತಿದ್ದುಪಡಿಯ ಮೂಲಕ ಪ್ರಧಾನಿಯ ಆಯ್ಕೆಯನ್ನೇ ಕೋರ್ಟುಗಳ ಕೈಗೆ ಸಿಗದಂತೆ ಮಾಡಿತು. ಅಂದರೆ ಚಕ್ರ ಹಿಂದಕ್ಕೆ ತಿರುಗಿ, ಬಹುಮತವೇ ಮತ್ತೆ ನ್ಯಾಯಾಧೀಶನಾಯಿತು.

ನವೆಂಬರ್ 7ರಂದು ಸುಪ್ರೀಂ ಕೋರ್ಟು ತಿದ್ದಿದ ಕಾನೂನನ್ನು ಒಪ್ಪಿ ಇಂದಿರಾ ಅವರ ಆಯ್ಕೆಯನ್ನು ಎತ್ತಿಹಿಡಿಯಿತು. ಆದರೆ ಅವರ ಆಯ್ಕೆಯನ್ನು ವಿಚಾರಣೆಯಿಂದ ಪಾರುಮಾಡಿದ ಸಂವಿಧಾನದ ಹೊಸ ಕಟ್ಟಳೆಯನ್ನು ಹೊಡೆದುಹಾಕಿತು. ಮೊಕದ್ದಮೆ ಗೆದ್ದದ್ದು ಪ್ರಧಾನಿ, ಉಳಿದದ್ದು ತತ್ವ.

ಕೊರತೆಯೂ ಉಂಟು. ಆರು ತಿಂಗಳಲ್ಲಿ ವಿಚಾರಣೆ ಮುಗಿಸಲು ಯತ್ನಿಸಬೇಕೆಂದು ಕಾನೂನು ಹೇಳುತ್ತದೆ. ರಾಯ್‌ಬರೇಲಿ ತೀರ್ಪಿಗೆ ನಾಲ್ಕು ವರ್ಷ ಹಿಡಿಯಿತು. ತಡವಾದ ತೀರ್ಪಿನಿಂದ ಸೋತವರಿಗೆ ಸಿಗುವುದು ಅಲ್ಪ. ಆದರೂ ಗೆದ್ದವರೇ ತಮ್ಮ ಗೆಲುವಿನ ತೀರ್ಪುಗಾರರಾಗಬಾರದು ಎಂಬ ನಿಯಮವಿಲ್ಲದೆ ಮತಪೆಟ್ಟಿಗೆಗೆ ಬೆಲೆಯಿಲ್ಲ.