ಕಿಂಗ್ ಚಾರ್ಲ್ಸ್ ದಿ ಥರ್ಡ್
ಬ್ರಿಟಿಷ್ ನಾಟಕಕಾರ ಮೈಕ್ ಬಾರ್ಟ್ಲೆಟ್‌ ಅವರ ನಾಟಕ. ರೂಪರ್ಟ್ ಗೂಲ್ಡ್ ನಿರ್ದೇಶನದಲ್ಲಿ 2014ರ ಏಪ್ರಿಲ್‌ನಲ್ಲಿ ಲಂಡನ್ನಿನ ಅಲ್ಮೇಡಾ ಥಿಯೇಟರಿನಲ್ಲಿ ಮೊದಲ ಪ್ರಯೋಗ ಕಂಡಿತು. ಚಾರ್ಲ್ಸ್ ಪಾತ್ರ ಟಿಮ್ ಪಿಗಟ್-ಸ್ಮಿತ್ ಅವರದು. ಮಾತುಗಳು ಬಹುಪಾಲು ಷೇಕ್ಸ್‌ಪಿಯರ್ ಧಾಟಿಯ ಪ್ರಾಸರಹಿತ ಪದ್ಯದಲ್ಲಿವೆ. ರಾಣಿ ಎರಡನೆಯ ಎಲಿಜಬೆತ್ ಬದುಕಿದ್ದಾಗಲೇ ಬರೆದ ಈ ನಾಟಕದ ಕಥೆ ಅವರ ಅಂತ್ಯಕ್ರಿಯೆಯಿಂದ ತೆರೆದುಕೊಳ್ಳುತ್ತದೆ.

ಪತ್ರಿಕಾ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಮಸೂದೆಗೆ ಹೊಸ ರಾಜ ಚಾರ್ಲ್ಸ್ ಸಹಿ ಹಾಕಲೊಪ್ಪದೆ ಸಂಸತ್ತನ್ನೇ ವಿಸರ್ಜಿಸುತ್ತಾನೆ. ಕೊನೆಗೆ ಮಕ್ಕಳ ಒತ್ತಡಕ್ಕೆ ಮಣಿದು ಸಿಂಹಾಸನ ಬಿಡುತ್ತಾನೆ. ವಾಸ್ತವದಲ್ಲಿ ಬ್ರಿಟನ್ನಿನಲ್ಲಿ ಮಸೂದೆಯೊಂದಕ್ಕೆ ರಾಜಸಮ್ಮತಿ ಕಡೆಯದಾಗಿ ನಿರಾಕರಣೆಯಾದದ್ದು 1708ರಲ್ಲಿ, ರಾಣಿ ಆನ್ ಕಾಲದಲ್ಲಿ.

ಪ್ರೇಕ್ಷಕರ ಮುಂದಿದ್ದ ಇಕ್ಕಟ್ಟು ಇದೇ: ರಾಜನ ಉದ್ದೇಶ ಸರಿ, ಆದರೆ ಚುನಾಯಿತನಲ್ಲದವನಿಗೆ ಮಸೂದೆಯನ್ನು ತಡೆಯುವ ಹಕ್ಕಿದೆಯೇ? ಬದುಕಿರುವವರನ್ನು ಪಾತ್ರಗಳಾಗಿಸಿ, ಚಾರ್ಲ್ಸ್‌ನ ದಿವಂಗತ ಮೊದಲ ಪತ್ನಿ ಡಯಾನಾಳ ಪ್ರೇತವನ್ನೂ ರಂಗಕ್ಕೆ ತಂದದ್ದು ಔಚಿತ್ಯದ ಚರ್ಚೆಗೆ ಎಡೆಮಾಡಿತು. ನಾಟಕಕ್ಕೆ 2015ರ ಆಲಿವಿಯರ್ ಪ್ರಶಸ್ತಿ ಬಂದಿತು. 2017ರ ಬಿಬಿಸಿ ರೂಪಾಂತರ ಪ್ರಸಾರವಾದಾಗ ವಿವಾದ ಮತ್ತೆ ಭುಗಿಲೆದ್ದಿತು.