ಎಂಜಿನ್ ಕವರ್ ಸಡಿಲವಾದರೆ ಫುಲ್ ಟೈಟ್ ಮಾಡಿದರೆ ಸಾಕೇ?

ಹಳೇ ಬೈಕಿನ ಎಂಜಿನ್ ಕವರ್ ಅಲುಗಾಡಿದರೆ ಸ್ಕ್ರೂ ಫುಲ್ ಟೈಟ್ ಮಾಡಿ, ಸುತ್ತ ಎಂ-ಸೀಲ್ ಮೆತ್ತಿ, ಎಲ್ಲ ಸರಿಹೋಗುತ್ತೆ ಎನ್ನುವ ಸಲಹೆ ನೀವೂ ಕೇಳಿರಬಹುದು. ಇದು ತಪ್ಪು. ಎಷ್ಟೋ ಸಲ ಆ ಫುಲ್ ಟೈಟೇ ಕವರ್ ಸಡಿಲವಾಗಲು ಕಾರಣ.

ಮೈಸೂರಿನ ಯೆಜ್ಡಿಯನ್ನೇ ನೋಡಿ. ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಗಾಡಿಗಳು ಇನ್ನೂ ಓಡುತ್ತಿವೆ. ಅದರ ಎಡಗಡೆ ಕವರ್ ಒಳಗೆ ಕ್ಲಚ್ಚು, ಚೈನು, ಗೇರ್ ಆಯಿಲ್ ಇವೆ. ಪೆಟ್ರೋಲಿಗೆ ಟೂ-ಟಿ ಆಯಿಲ್ ಹಾಕುತ್ತೇವಲ್ಲ, ಇದು ಸೋರಿದರೇನು ಎನ್ನುವವರಿದ್ದಾರೆ. ಆ ಆಯಿಲ್ ಪಿಸ್ಟನ್, ಕ್ರ್ಯಾಂಕಿಗೆ. ಗೇರಿಗೆ ಹೋಗುವುದೇ ಇಲ್ಲ. ಇನ್ನು ಸೋರಿದ್ದು ಹಿಂದಿನ ಟೈರಿಗೆ ತಾಗಿದರೆ ತಿರುವಿನಲ್ಲಿ ಗಾಡಿ ಜಾರುತ್ತದೆ.

ಸ್ಕ್ರೂ ಉಕ್ಕಿನದು, ಎಂಜಿನ್ ಕೇಸ್ ಅಲ್ಯೂಮಿನಿಯಂ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ಮೇಲಿಂದ ಕಂಪನ ಬೇರೆ. ಹಾಗಾಗಿ ಸ್ಕ್ರೂ ನಿಧಾನಕ್ಕೆ ಸಡಿಲವಾಗುತ್ತದೆ. ಬಲ ಹಾಕಿ ತಿರುಗಿಸಿದರೆ ಹಾಳಾಗುವುದು ಮೆದು ಲೋಹದ ಥ್ರೆಡ್. ಆಮೇಲೆ ಸ್ಕ್ರೂ ಸುತ್ತುತ್ತಲೇ ಇರುತ್ತದೆ, ಹಿಡಿಯುವುದಿಲ್ಲ.

ಇನ್ನೊಂದು ಕಾರಣವನ್ನು ಮೆಕ್ಯಾನಿಕ್‌ಗಳೂ ಮರೆಯುತ್ತಾರೆ: ಕವರಿನ ಸ್ಕ್ರೂಗಳೆಲ್ಲ ಒಂದೇ ಉದ್ದ ಇರಬೇಕೆಂದಿಲ್ಲ. ಉದ್ದದ್ದು ಗಿಡ್ಡ ತೂತಿಗೆ ಹೋದರೆ ತಳಕ್ಕೆ ತಾಗಿ ಬಿಗಿಯಾದಂತೆ ಅನಿಸುತ್ತದೆ, ಕವರ್ ಮಾತ್ರ ಅಲುಗಾಡುತ್ತದೆ. ಗಿಡ್ಡದ್ದು ಎರಡು ಮೂರು ಥ್ರೆಡ್ ಮಾತ್ರ ಹಿಡಿದು ಕಿತ್ತುಬರುತ್ತದೆ. 6 ಮಿಮೀ ಸ್ಕ್ರೂ ಅಲ್ಯೂಮಿನಿಯಂ ಒಳಗೆ 10-12 ಮಿಮೀ ಇಳಿದಿರಬೇಕು. ಬಿಚ್ಚುವಾಗ ರಟ್ಟಿನ ಮೇಲೆ ಕವರಿನ ಚಿತ್ರ ಬರೆದು, ಆಯಾ ಜಾಗದಲ್ಲೇ ಸ್ಕ್ರೂ ಚುಚ್ಚಿಡಿ.

ಎಂಜಿನ್ ತಣ್ಣಗಾದ ಮೇಲೆ ಆಯಿಲ್ ಇಳಿಸಿ ಕವರ್ ತೆಗೆಯಿರಿ. ಹಳೇ ಗ್ಯಾಸ್ಕೆಟ್ಟನ್ನು ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ, ಒಂದು ಗೀರು ಬಿದ್ದರೂ ಅಲ್ಲಿಂದಲೇ ಸೋರುತ್ತದೆ. ಕವರನ್ನು ಗಾಜಿನ ಮೇಲಿಟ್ಟು ಒತ್ತಿ ನೋಡಿ, ಅಲ್ಲಾಡಿದರೆ ಸೊಟ್ಟಗಾಗಿದೆ. ಹೊಸ ಗ್ಯಾಸ್ಕೆಟ್ ಹಾಕಿ, ಎಲ್ಲ ಸ್ಕ್ರೂಗಳನ್ನೂ ಮೊದಲು ಬೆರಳಲ್ಲೇ ಕೂರಿಸಿ, ಆಮೇಲೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. 6 ಮಿಮೀ ಸ್ಕ್ರೂಗೆ 8-10 ನ್ಯೂಟನ್ ಮೀಟರ್ ಸಾಕು, ಅಂದರೆ ಮಣಿಕಟ್ಟಿನ ಬಲ.

ಥ್ರೆಡ್ ಹೋಗಿದ್ದರೆ? ಲೇತ್ ಅಂಗಡಿಯಲ್ಲಿ ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿ ಕೂರಿಸಿಕೊಡುತ್ತಾರೆ. ಹಳೇ ಸ್ಕ್ರೂ ಅಳತೆಯೇ ನಡೆಯುತ್ತದೆ, ಹಿಡಿತವೂ ಮೊದಲಿಗಿಂತ ಗಟ್ಟಿ. ಎಂ-ಸೀಲ್ ಎಣ್ಣೆ ಜಿಡ್ಡಿನ ಮೇಲೆ ಅಂಟುವುದೇ ಇಲ್ಲ. ಅಂಟಿದರೂ ಮುಂದೆ ಕವರ್ ತೆಗೆಯಲು ಉಳಿ, ಸುತ್ತಿಗೆ ಬೇಕಾಗುತ್ತದೆ.

ಆಯಿಲ್ ತುಂಬಿಸಿ ಒಂದು ರೌಂಡ್ ಓಡಿಸಿ ಬಂದು, ಗಾಡಿ ಪೂರ್ತಿ ತಣ್ಣಗಾದ ಮೇಲೆ ಸ್ಕ್ರೂಗಳನ್ನು ಮತ್ತೊಮ್ಮೆ ನೋಡಿ. ರಾತ್ರಿ ಕೆಳಗೆ ಪೇಪರ್ ಹಾಸಿಟ್ಟರೆ ಬೆಳಗ್ಗೆ ಉತ್ತರ ಸಿಗುತ್ತದೆ.